ಗೋಡೆಯ ಕಡೆ ತಿರುಗಿದವರು

ಮಾರ್ಚ್ 4

ಮಗಳೇ,

ನೀನು ಹೋಗಿ ಇವತ್ತಿಗೆ ಇಪ್ಪತ್ತಾರು ದಿನ. ಬಂದದ್ದು ಒಂದೇ ಕಾಗದ, ಅದರಲ್ಲೂ ನಾಲ್ಕೇ ಸಾಲು. ಕೋಣೆ ಸಿಕ್ಕಿತು, ಕೆಲಸ ಶುರುವಾಯಿತು, ನಲ್ಲಿಯಲ್ಲಿ ಬೆಳಿಗ್ಗೆ ಮಾತ್ರ ನೀರು, ಎಲ್ಲರನ್ನೂ ಕೇಳಿದೆನೆಂದು ಹೇಳು. ಇಷ್ಟು ಬರೆಯುವುದಕ್ಕೆ ಅಷ್ಟು ಚೆಂದದ ಅಕ್ಷರ ಯಾಕೆ ಬೇಕಿತ್ತೋ.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ನಿಮ್ಮಪ್ಪ ಹಗಲೆಲ್ಲ ಯಾರದೋ ಮನೆಯ ವೈರಿಂಗ್ ಎಳೆದು, ಸಂಜೆ ಜೇಬಿನಲ್ಲಿ ಟೆಸ್ಟರ್ ಇಟ್ಟುಕೊಂಡೇ ಹಿರಿಯರ ಕೂಟಕ್ಕೆ ಹೋಗುತ್ತಾರೆ. ನಿನ್ನ ತಂಗಿ ನಿನ್ನ ಹಾಸಿಗೆಯನ್ನೂ ಸೇರಿಸಿಕೊಂಡು ಕೋಣೆ ತುಂಬ ಕೈಕಾಲು ಚಾಚಿ ಮಲಗುತ್ತಾಳೆ. ಮೊನ್ನೆ ಅವಳನ್ನು "ಪೀಪಿ" ಎಂದು ಕೂಗಿದ್ದಕ್ಕೆ ಅಪ್ಪ ನನ್ನ ಮೇಲೆ ರೇಗಿದರು. ಹುಟ್ಟಿದಾಗ ಪೀಪಿ ಊದಿದ ಹಾಗೆ ಅಳುತ್ತಾಳೆಂದು ಎಂಟು ವರ್ಷದ ನೀನು ಇಟ್ಟ ಹೆಸರು. "ಸಂಗೀತಾನೇ ಬೇಡ ಅನ್ನೋ ಸಭೆ ನಮ್ಮದು, ಹಿರಿಯನ ಮನೇಲೇ ಪೀಪಿಯಾ?" ಎನ್ನುತ್ತಾರೆ. ಇಪ್ಪತ್ತೊಂದು ವರ್ಷದಿಂದ ಇದೇ ಮಾತು.

ವಿಷಯಕ್ಕೆ ಬರುತ್ತೇನೆ. ಹೊರಡುವಾಗ ಕೊಟ್ಟ ಪರಿಚಯ ಪತ್ರವನ್ನು ಅಲ್ಲಿನ ಸಭಾಮನೆಗೆ ಕೊಟ್ಟೆಯಾ? ನಲವತ್ತು ದಿನದೊಳಗೆ ಕೊಡಬೇಕು. ಒಂಟಿ ಹೆಣ್ಣುಮಗಳನ್ನು ಊರು ಬಿಟ್ಟು ಕೆಲಸಕ್ಕೆ ಕಳಿಸಬೇಡಿ ಎಂದ ಹಿರಿಯರನ್ನು ನಿಮ್ಮಪ್ಪ ಒಪ್ಪಿಸಿದ್ದು ಆ ಪತ್ರದ ಬಲದಿಂದಲೇ. ತಲೆಬಟ್ಟೆ ತೆಗೆಯಬೇಡ. ಹೊರಗಿನವರ ಜೊತೆ ಊಟಕ್ಕೆ ಕೂರಬೇಡ.

ಅಮ್ಮ

ಮಾರ್ಚ್ 15

ಅಮ್ಮಾ,

ಕಾಗದ ಸಿಕ್ಕಿತು. ಈ ಸಲ ನಾಲ್ಕು ಸಾಲಿಗಿಂತ ಜಾಸ್ತಿ ಬರೆಯುತ್ತೇನೆ, ಬೈಯಬೇಡ.

ನನ್ನ ಕೋಣೆ ಮೂರನೇ ಮಹಡಿಯಲ್ಲಿದೆ. ಕೆಳಗೆ ಇಸ್ತ್ರಿ ಅಂಗಡಿ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ಮುಟ್ಟಬಹುದು. ಇಸ್ತ್ರಿಯ ಬಿಸಿ ವಾಸನೆ ಮೇಲಿನ ತನಕ ಬರುತ್ತದೆ. ನನಗೆ ಅದು ಇಷ್ಟ.

ಕೆಲಸ ನಮ್ಮ ಊರಿನ ಹಲ್ಲಿನ ಡಾಕ್ಟರ ಹತ್ತಿರ ಕಲಿತದ್ದೇ, ಆದರೆ ಇಲ್ಲಿ ರಾಶಿ ರಾಶಿ. ಡಾಕ್ಟರುಗಳು ಬಾಯಿಯ ಅಳತೆ ಕಳಿಸುತ್ತಾರೆ. ಪ್ಲಾಸ್ಟರ್ ಹೊಯ್ದು ಅಚ್ಚು ತೆಗೆದು, ಮೇಣದಲ್ಲಿ ಒಸಡು ಮಾಡಿ, ಒಂದೊಂದೇ ಹಲ್ಲು ಕೂರಿಸಬೇಕು. ನಮ್ಮ ಮೇಸ್ತ್ರಿಗೆ ಎಪ್ಪತ್ತಾಗಿದೆ. ಊರಿನ ಅರ್ಧ ಜನ ಅವರ ಕೈಯ ಹಲ್ಲಿನಲ್ಲಿ ಅಗಿಯುತ್ತಾರೆ, ಅವರ ಹಲ್ಲುಸೆಟ್ಟು ಮಾತ್ರ ಅವರಿಗೇ ಹೊಂದುವುದಿಲ್ಲ, ಶರಟಿನ ಜೇಬಿನಲ್ಲಿರುತ್ತದೆ. ಯಾರಾದರೂ ದೊಡ್ಡ ಮನುಷ್ಯರು ಬಂದರೆ ಆ ಕಡೆ ತಿರುಗಿ ಹಾಕಿಕೊಂಡು ಈ ಕಡೆ ತಿರುಗಿ ಮಾತಾಡುತ್ತಾರೆ.

ಕೆಲಸದಲ್ಲಿ ಎಲ್ಲರೂ ತಲೆಗೆ ಟೋಪಿ ಹಾಕಲೇಬೇಕು. ಹಾಗಾಗಿ ನನ್ನ ತಲೆ ಮುಚ್ಚಿಯೇ ಇರುತ್ತದೆ. ಸಭಾಮನೆ ದೂರ, ಎರಡು ಬಸ್ಸು ಬದಲಾಯಿಸಬೇಕು. ಪತ್ರ ಜೋಪಾನವಾಗಿದೆ.

ಪೀಪಿಗೆ ಹೇಳು, ನನ್ನ ಹಾಸಿಗೆ ಅವಳಿಗೇ.

ನಿನ್ನ ಮಗಳು

ಏಪ್ರಿಲ್ 22

ಮಗಳೇ,

"ಪತ್ರ ಜೋಪಾನವಾಗಿದೆ" ಎಂದು ನೀನು ಬರೆದಾಗಲೇ ನನಗೆ ತಿಳಿಯಬೇಕಿತ್ತು. ಕೊಡಬೇಕಾದ ಪತ್ರವನ್ನು ಜೋಪಾನ ಮಾಡುವವರು ಯಾರು?

ಅಲ್ಲಿನ ಹಿರಿಯರಿಂದ ಇಲ್ಲಿಗೆ ಬರಹ ಬಂದಿದೆ. ಅಂಥ ಹೆಸರಿನ ಸಹೋದರಿ ನಮ್ಮಲ್ಲಿಗೆ ಬಂದೇ ಇಲ್ಲ ಎಂದು. ದೊಡ್ಡ ಹಿರಿಯರು ಅದನ್ನು ಕೂಟದಲ್ಲಿ ನಿಮ್ಮಪ್ಪನ ಕೈಗೇ ಕೊಟ್ಟು ಓದಿ ಎಂದರಂತೆ. ಮನೆಗೆ ಬಂದವರು ಊಟಕ್ಕೂ ಕೂರಲಿಲ್ಲ. ಟೆಸ್ಟರ್ ಹಿಡಿದು ಸರಿಯಾಗಿಯೇ ಇದ್ದ ಸ್ವಿಚ್ಚನ್ನು ಬಿಚ್ಚಿ ಮತ್ತೆ ಜೋಡಿಸಿದರು.

ಮರುದಿನ ದೊಡ್ಡ ಹಿರಿಯರ ಹೆಂಡತಿ ಬಂದರು. "ಏನಮ್ಮಾ, ಮಗಳು ಹೇಗಿದಾಳೆ?" ಅಂದರು. "ಜ್ವರ. ಟೈಫಾಯಿಡ್. ಎದ್ದು ಓಡಾಡೋಕಾಗ್ತಿಲ್ಲ" ಅಂದೆ. ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಈಗ ಇಡೀ ಸಭೆ ನಿನ್ನ ಜ್ವರಕ್ಕೆ ಪ್ರಾರ್ಥನೆ ಮಾಡುತ್ತಿದೆ. ನಿನಗೆ ಬೇಗ ವಾಸಿಯಾದರೆ ಒಳ್ಳೆಯದು.

ಏನಾಗಿದೆ ನಿನಗೆ? ನಿಜ ಬರಿ. ಬೀದಿ ಕೊನೆಯ ಅಂಗಡಿಯ ಪಕ್ಕದ ಮನೆಯವರು ಸಭೆಯವರಲ್ಲ, ಅವರ ವಿಳಾಸಕ್ಕೆ ಹಾಕು, ನಮ್ಮ ಮನೆಗೆ ಬೇಡ.

ಅಮ್ಮ

ಏಪ್ರಿಲ್ 30

ಅಮ್ಮಾ,

ನನಗೆ ಜ್ವರವಿಲ್ಲ. ನಿಜ ಕೇಳಿದೆಯಲ್ಲ, ಬರೆಯುತ್ತೇನೆ.

ನಾನು ಸಭೆಗೆ ವಾಪಸ್ ಬರುವುದಿಲ್ಲ. ಯಾರ ಜೊತೆಗೂ ಜಗಳವಿಲ್ಲ, ಯಾರನ್ನೂ ಬೈದು ಹೊರಟವಳಲ್ಲ. ಎರಡು ವರ್ಷದ ಕೆಲಸ ಎಂದು ಹೇಳಿ ಬಂದು, ಹಾಗೇ ಮರೆತುಹೋಗಬೇಕು ಎಂದುಕೊಂಡಿದ್ದೆ. ಹೊರಹಾಕಿದವಳೆಂದು ಕೂಟದಲ್ಲಿ ಹೆಸರು ಓದಿಸಿಕೊಳ್ಳದೆ ಹೋದರೆ ನೀವು ಮೂವರೂ ನನ್ನ ಜೊತೆ ಮಾತಾಡಬಹುದಲ್ಲ, ಅಷ್ಟೇ ಆಸೆ. ಓದಿಬಿಟ್ಟರೆ ನೀನು ನನಗೆ ಕಾಗದ ಬರೆಯುವಂತಿಲ್ಲ, ನಾನು ಬಾಗಿಲಿಗೆ ಬಂದರೆ ತೆರೆಯುವಂತಿಲ್ಲ, ಗೊತ್ತು.

ಹೋದ ವರ್ಷ ಹೊಲಿಗೆ ಅಕ್ಕನ ವಿಚಾರಣೆ ನಡೆಯಿತಲ್ಲ. ನಮ್ಮೆಲ್ಲರ ತಲೆಬಟ್ಟೆ ಹೊಲಿಯುವವಳು, ಬೀದಿಯ ಮಕ್ಕಳಿಗೆಲ್ಲ ಗುಂಡಿ ಹಾಕಿ ಕೊಡುವವಳು. ಗಂಡನ ಮನೆ ಬಿಟ್ಟು ಬಂದು ಸಭಾಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನ ಅಕ್ಷರ ಚೆನ್ನಾಗಿದೆಯೆಂದು ಅಪ್ಪ ನನ್ನನ್ನು ಮರದ ಅಡ್ಡತಡಿಕೆಯ ಹಿಂದೆ ಕೂರಿಸಿ ದಾಖಲೆ ಬರೆಸಿದರು. ಈಚೆ ನಾನು, ಆಚೆ ಅವಳು ಮತ್ತು ಮೂವರು ಹಿರಿಯರು.

ಅವಳು ಹೇಳಿದಳು: "ಬಾಗಿಲಿನ ಚಿಲಕಕ್ಕೆ ತಲೆ ಬಡಿಸಿದ. ಕಿವಿಯೊಳಗೆ ಏನೋ ಒಡೆದ ಹಾಗಾಯ್ತು. ಆಮೇಲೆ ಆ ಕಡೆ ಏನೂ ಕೇಳಿಸ್ತಾ ಇಲ್ಲ."

ದೊಡ್ಡ ಹಿರಿಯರು ಕೇಳಿದರು: "ನೋಡಿದೋರು ಯಾರಾದ್ರೂ ಇದಾರಾ?"

"ಮನೇಲಿ ನಾವಿಬ್ಬರೇ ಇರೋದಲ್ಲವಾ."

ಆಗ ಅಪ್ಪ ತಡಿಕೆಯ ಕಡೆ ಬಾಗಿ ನನಗೆ ಮೆಲ್ಲಗೆ ಹೇಳಿದರು: "ಹೊಡೆದ ಅಂತ ಬರೀಬೇಡ. ಮನಸ್ತಾಪ ಅಂತ ಬರಿ."

ನಾನು ಬರೆದೆ, ಅಮ್ಮಾ. "ದಂಪತಿಗಳ ನಡುವೆ ಮನಸ್ತಾಪ ಉಂಟಾಗಿದ್ದು, ಸಹೋದರಿಯು ಕೋಪದಲ್ಲಿ ಮಾತನಾಡಿದ್ದು ಕಂಡುಬಂತು." ದುಂಡಗೆ, ಒಂದು ಚಿತ್ತೂ ಇಲ್ಲದೆ. ಅವಳ ಗಂಡ ಬಡಗಿ, ಸಭಾಮನೆಯ ಬೆಂಚುಗಳೆಲ್ಲ ಅವನ ಕೈಯವೇ. ನಾನು ಬರೆಯಲು ಇಟ್ಟುಕೊಂಡಿದ್ದ ಮಣೆಯೂ ಅವನದೇ.

ಆಮೇಲಿನ ಪ್ರಾರ್ಥನೆಗಳಲ್ಲಿ ನನ್ನ ಬಾಯಿ ಆಡುತ್ತಿತ್ತು, ಒಳಗೆ ಏನೂ ಇರಲಿಲ್ಲ. ಮೊದಲು ಹಿರಿಯರ ಮೇಲಿನ ನಂಬಿಕೆ ಹೋಯಿತು. ಅದು ಹೋದರೆ ಹೋಗಲಿ, ದೇವರು ಇದ್ದಾನಲ್ಲ ಎಂದುಕೊಂಡೆ. ಆರು ತಿಂಗಳು ಕಾದೆ. ಅವನೂ ಹಿರಿಯರ ಜೊತೆಗೇ ಎದ್ದು ಹೋಗಿದ್ದ.

ಹೊಲಿಗೆ ಅಕ್ಕನನ್ನು ಬಡಗಿಯ ಮನೆಗೆ ವಾಪಸ್ ಬಿಟ್ಟು ಬಂದವಳು ನೀನು. ಅವಳ ಚೀಲ ನೀನೇ ಹಿಡಿದುಕೊಂಡಿದ್ದೆ. ಅದಕ್ಕೆ ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನೀನು ನಂಬಿದ್ದೆ, ನಂಬಿದ್ದನ್ನು ಮಾಡಿದೆ. ನಾನು ನಂಬದೆ ಬರೆದೆ.

ಇಲ್ಲಿ ಮೊದಲ ಸಲ ಕೆಲಸದವರ ಜೊತೆ ಒಂದೇ ಮೇಜಿನಲ್ಲಿ ಉಂಡೆ. ಮೇಜಿನ ತುದಿಗೆ ಕೂತು, ನೀರು ಬಗ್ಗಿಸುವಾಗ ಚೆಲ್ಲಿದೆ. ಮೇಸ್ತ್ರಿ, "ಯಾಕಮ್ಮಾ, ನಮಗೇನು ಹಲ್ಲಿದೆಯಾ ಕಚ್ಚೋದಕ್ಕೆ?" ಅಂದರು. ಎಲ್ಲರೂ ನಕ್ಕರು. ನನಗೆ ಅಳು ಬಂತು.

ನಿನ್ನ ಮಗಳು

ಮೇ 19

ಮಗಳೇ,

ನಿನ್ನ ಕಾಗದ ಓದಿ ಒಲೆಗೆ ಹಾಕಿದೆ. ಉತ್ತರ ಬರೆಯಬಾರದೆಂದುಕೊಂಡಿದ್ದೆ.

ನಂಬಿಕೆ ಹೋಯಿತು ಎಂದು ಬರೆದಿದ್ದೀಯ, ಬಸ್ಸಿನಲ್ಲಿ ಕೊಡೆ ಬಿಟ್ಟುಬಂದವರ ಹಾಗೆ. ನಂಬಿಕೆಯನ್ನು ನಿನ್ನಿಂದ ಕೇಳಿದವರು ಯಾರು? ಕೇಳಿದ್ದು ಹಾಜರಿ. ವಾರಕ್ಕೊಮ್ಮೆ ಎರಡು ಬಸ್ಸು ಹತ್ತಿ ಹೋಗು, ಹಿಂದಿನ ಸಾಲಿನಲ್ಲಿ ಕೂರು, ಬಾಯಿ ಆಡಿಸು, ಬಾ. ಅಷ್ಟಕ್ಕೆ ಅಪ್ಪನ ಮಾನ ಉಳಿಯುತ್ತದೆ, ತಂಗಿಗೆ ಒಂದು ಮನೆಯಾಗುತ್ತದೆ. ದೊಡ್ಡ ಹಿರಿಯರ ತಂಗಿಯ ಮಗನಿಗೆ ಪೀಪಿಯನ್ನು ಕೇಳುತ್ತಿದ್ದಾರೆ. ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುತ್ತಾನೆ. ತಲೆ ತಗ್ಗಿಸಿ ನಡೆಯುವ ಹುಡುಗ.

ನಿನಗೊಬ್ಬಳಿಗೇ ಇದು ಆಗಿದ್ದು ಎಂದುಕೊಂಡಿದ್ದೀಯಲ್ಲ, ಅದಕ್ಕೇ ನನಗೆ ಸಿಟ್ಟು.

ನಿನಗೆ ಐದು ವರ್ಷವಾಗಿದ್ದಾಗ ತಮ್ಮ ಹುಟ್ಟಿದ್ದ. ಮೂವತ್ತೆಂಟು ದಿನ ಇದ್ದ. ಮೂರು ದಿನಕ್ಕೆ ಅಳು ನಿಲ್ಲಿಸಬೇಕೆಂಬುದು ನಮ್ಮ ನಿಯಮ. ನಾಲ್ಕನೆಯ ದಿನವೇ ವಾರದ ಕೂಟ ಬಂತು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. "ಈ ತಾಯಿಯ ಸಮಾಧಾನ ನೋಡಿ ಕಲಿಯಿರಿ" ಎಂದು ದೊಡ್ಡ ಹಿರಿಯರು ನನ್ನನ್ನು ಎಲ್ಲರಿಗೂ ತೋರಿಸಿದರು. ಎದೆಯಲ್ಲಿ ಹಾಲು ಕಟ್ಟಿ ಬಟ್ಟೆ ಒದ್ದೆಯಾಗುತ್ತಿತ್ತು. ಶಾಲು ಎಳೆದುಕೊಂಡು ಪ್ರಾರ್ಥನೆ ಹೇಳಿದೆ. ಹೇಳುತ್ತಾ ಹೇಳುತ್ತಾ ಗೊತ್ತಾಯಿತು, ಆ ಕಡೆ ಕೇಳಿಸಿಕೊಳ್ಳುವವರು ಯಾರೂ ಇಲ್ಲ ಎಂದು. ಖಾಲಿ ಮನೆಯ ಬಾಗಿಲು ಬಡಿದರೆ ತಿಳಿಯುತ್ತದಲ್ಲ, ಹಾಗೆ.

ಅವತ್ತಿನಿಂದ ಇಪ್ಪತ್ತನಾಲ್ಕು ವರ್ಷ, ಒಂದೇ ಒಂದು ಕೂಟ ತಪ್ಪಿಸಿಲ್ಲ. ಯಾರಿಗೂ ಹೇಳಿಲ್ಲ, ನಿಮ್ಮಪ್ಪನಿಗೂ. ಐದು ವರ್ಷದ ನಿನ್ನನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ? ಕಲಿತ ಕೆಲಸವಿಲ್ಲ, ಗುರುತಿನವರೆಲ್ಲ ಇಲ್ಲಿಯವರೇ. ಅಭ್ಯಾಸವಾಯಿತು. ನಿನಗೂ ಆಗುತ್ತದೆ.

ಹೊಲಿಗೆ ಅಕ್ಕ ಚೆನ್ನಾಗಿಯೇ ಇದ್ದಾಳೆ. ಎಡಗಿವಿ ಕೇಳಿಸುವುದಿಲ್ಲ, ಅಷ್ಟೆ.

ಈ ಕಾಗದವನ್ನೂ ಸುಟ್ಟುಬಿಡು.

ಅಮ್ಮ

ಜೂನ್ 2

ಅಮ್ಮಾ,

ಸುಡಲಿಲ್ಲ. ಮೂರು ಸಲ ಓದಿದೆ.

ತಮ್ಮನ ನೆನಪು ನನಗೆ ಸ್ವಲ್ಪ ಇದೆ. ನೀನು ಸ್ನಾನದ ಮನೆಯಲ್ಲಿ ಬಕೆಟ್ಟಿಗೆ ನೀರು ಬಿಟ್ಟುಕೊಂಡು ತುಂಬ ಹೊತ್ತು ಒಳಗೇ ಇರುತ್ತಿದ್ದೆ. ನೀರು ತುಂಬಿ ಹೊಸಿಲ ತನಕ ಹರಿದು ಬರುತ್ತಿತ್ತು. ಈಗ ಗೊತ್ತಾಯಿತು. ನೀನು ಉಳಿದುಕೊಂಡದ್ದಕ್ಕೆ ನಾನು ಒಂದು ಮಾತೂ ಆಡುವುದಿಲ್ಲ. ನನ್ನನ್ನು ಸಾಕಲು ಉಳಿದೆ.

ಆದರೆ ಹೊಲಿಗೆ ಅಕ್ಕನ ಚೀಲ?

ನೀನು ನಂಬಿಕೆಯಿಂದ ಮಾಡಿದೆ ಎಂದುಕೊಂಡು ಒಂದು ವರ್ಷ ನಿನ್ನನ್ನು ಕ್ಷಮಿಸುತ್ತಾ ಬಂದೆ. ಊಟಕ್ಕೆ ಕೂತಾಗ ಕ್ಷಮಿಸಿದೆ, ನೀನು ತಲೆ ಬಾಚುವಾಗ ಕ್ಷಮಿಸಿದೆ. ಮೇಲೆ ಯಾರೂ ಇಲ್ಲವೆಂದು ಗೊತ್ತಿದ್ದೂ ಅವಳ ಕೈ ಹಿಡಿದು ಆ ಮನೆಯ ಬಾಗಿಲಿಗೆ ಕರೆದುಕೊಂಡು ಹೋದೆಯಲ್ಲ. ಅಪ್ಪ ಹೋಗಲಿ, ಅವರಿಗೆ ಮೇಲೊಬ್ಬ ನೋಡುತ್ತಿದ್ದಾನೆ. ನಿನ್ನನ್ನು ನೋಡುತ್ತಿದ್ದವರು ಯಾರು?

ದಾರಿಯಲ್ಲಿ ಅವಳಿಗೆ ಏನು ಹೇಳಿದೆ? ಅದೊಂದು ಬರೆದು ಕಳಿಸು.

ಮಗಳು

ಜೂನ್ 14

ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಅವಳಿಗೆ ಹೋಗಲು ಜಾಗವಿರಲಿಲ್ಲ, ನನಗೂ ಇರಲಿಲ್ಲ. ನಾನು ಪ್ರತಿದಿನ ವಾಪಸ್ ಹೋಗುವ ಹಾಗೇ ಅವಳನ್ನೂ ವಾಪಸ್ ಕರೆದುಕೊಂಡು ಹೋದೆ.

ಇನ್ನು ನನಗೆ ಬರೆಯಬೇಡ. ಕಾಗದ ತೆಗೆದಿಡುವ ಅಂಗಡಿ ಪಕ್ಕದ ಮನೆಯವರು ಒಂಥರಾ ನೋಡುತ್ತಿದ್ದಾರೆ.

ಜುಲೈ 8

ಹಿರಿಯರ ಮಂಡಳಿಯ ಪರವಾಗಿ, ದೂರದಲ್ಲಿರುವ ಸಹೋದರಿಗೆ,

ತಾವು ಐದು ತಿಂಗಳಿನಿಂದ ಯಾವ ಸಭಾಮನೆಗೂ ಹಾಜರಾಗದಿರುವುದು ಮಂಡಳಿಯ ಗಮನಕ್ಕೆ ಬಂದಿದೆ. ತಮ್ಮ ತಂಗಿಯ ವಿವಾಹಕ್ಕೆ ಮಂಡಳಿ ಒಪ್ಪಿಗೆ ಕೊಡಬೇಕಾದರೆ ಮನೆಯವರೆಲ್ಲರ ಸ್ಥಿತಿ ಸ್ಪಷ್ಟವಿರಬೇಕು. ಹದಿನೈದು ದಿನದೊಳಗೆ ಬಂದು ಸಭೆಯ ಮುಂದೆ ನಿಂತು ಕ್ಷಮೆ ಕೇಳುವುದು. ತಪ್ಪಿದಲ್ಲಿ ತಮ್ಮ ಹೆಸರನ್ನು ಓದಲಾಗುವುದು. ಓದಿದ ಮೇಲೆ ಮನೆಯವರೂ ಸೇರಿದಂತೆ ಯಾರೂ ತಮ್ಮೊಂದಿಗೆ ಮಾತು, ಊಟ, ಬರಹ ಇಟ್ಟುಕೊಳ್ಳುವಂತಿಲ್ಲ ಎಂಬುದು ತಮಗೆ ತಿಳಿದೇ ಇದೆ. ಹೆಸರು ಓದಲು ಮಂಡಳಿ ನನ್ನನ್ನೇ ನೇಮಿಸಿದೆ.

ಹಲ್ಲಿನ ಕೆಲಸದಲ್ಲಿ ಪ್ಲಾಸ್ಟರ್ ಪುಡಿ ಮೂಗಿಗೆ ಹೋಗುತ್ತದಂತೆ. ಬಟ್ಟೆ ಕಟ್ಟಿಕೊಂಡು ಕೆಲಸ ಮಾಡುವುದು.

ಅಪ್ಪ

ಜುಲೈ 17

ಹಿರಿಯರ ಮಂಡಳಿಗೆ,

ನಮಸ್ಕಾರ. ನಾನು ಕ್ಷಮೆ ಕೇಳಲು ಬರುವುದಿಲ್ಲ. ನನ್ನ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಬೇಕೆಂದು ನಾನೇ ಕೇಳಿಕೊಳ್ಳುತ್ತಿದ್ದೇನೆ. ಈ ನಿರ್ಧಾರದಲ್ಲಿ ನನ್ನ ಮನೆಯವರ ಪಾಲಿಲ್ಲ. ನನ್ನ ತಾಯಿ ತಂದೆ ಒಂದು ಕೂಟವನ್ನೂ ತಪ್ಪಿಸಿದವರಲ್ಲ ಎಂಬುದಕ್ಕೆ ನಿಮ್ಮ ಹಾಜರಿ ಪುಸ್ತಕವೇ ಸಾಕ್ಷಿ. ತಂಗಿಯ ಮದುವೆ ಅವಳ ಇಷ್ಟವಿದ್ದರೆ ನಡೆಯಲಿ. ಅವಳನ್ನು ಒಮ್ಮೆ ಕೇಳಿ.

ಇನ್ನೊಂದು ವಿಷಯ. ಹೊಲಿಗೆಯ ಸಹೋದರಿಯ ವಿಚಾರಣೆಯ ದಾಖಲೆ ನನ್ನ ಕೈಬರಹದಲ್ಲಿದೆ. ಅದರಲ್ಲಿ "ಮನಸ್ತಾಪ ಉಂಟಾಗಿದ್ದು" ಎಂದಿರುವ ಕಡೆ "ಗಂಡ ಅವಳ ತಲೆಯನ್ನು ಬಾಗಿಲ ಚಿಲಕಕ್ಕೆ ಬಡಿಸಿದ್ದು" ಎಂದೂ, "ಕೋಪದಲ್ಲಿ ಮಾತನಾಡಿದ್ದು" ಎಂದಿರುವ ಕಡೆ "ಒಂದು ಕಿವಿ ಕೇಳಿಸುತ್ತಿಲ್ಲವೆಂದು ಹೇಳಿದ್ದು" ಎಂದೂ ತಿದ್ದಿಕೊಳ್ಳಬೇಕು. ಅವಳು ಅವತ್ತು ಕೋಪ ಮಾಡಿಕೊಂಡಿರಲಿಲ್ಲ. ತಪ್ಪು ಬರೆದವಳು ನಾನು. ನನ್ನ ಹೆಸರಿನ ಜೊತೆ ಇದನ್ನೂ ಓದಿದರೆ ಉಪಕಾರವಾಗುತ್ತದೆ.

ಅಪ್ಪಾ, ಬಟ್ಟೆ ಕಟ್ಟಿಕೊಂಡೇ ಕೆಲಸ ಮಾಡುತ್ತೇನೆ.

(ಸಹಿ)

ಮುಂದಿನ ವರ್ಷ, ಫೆಬ್ರವರಿ 11

ಅಕ್ಕಾ,

ನಾನು, ಪೀಪಿ. ನಿನ್ನ ವಿಳಾಸ ಅಮ್ಮನ ಟ್ರಂಕಿನ ತಳದಲ್ಲಿ ಸಿಕ್ಕಿತು. ಅವಳು ಅದನ್ನು ಹರಿದಿರಲಿಲ್ಲ. ಇದನ್ನು ಔಷಧಿ ಅಂಗಡಿಯಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನಿನ್ನ ಹೆಸರು ಓದಿದ ದಿನದ್ದು ನಿನಗೆ ಯಾರೂ ಹೇಳಿರುವುದಿಲ್ಲ. ಅಪ್ಪ ಎದ್ದು ನಿಂತರು. ಕಾಗದ ಕೈಯಲ್ಲಿತ್ತು, ಕಾಗದ ನೋಡಲೇ ಇಲ್ಲ. ಹೆಸರಷ್ಟೇ ಹೇಳಿದರು, ನೀನು ಬರೆದ ಬೇರೆ ಯಾವುದನ್ನೂ ಓದಲಿಲ್ಲ. ಆಮೇಲೆ ಎಲ್ಲರೂ ಎದ್ದು ಗೋಡೆಯ ಕಡೆ ತಿರುಗಬೇಕಲ್ಲ. ಅಮ್ಮ ಎಲ್ಲರಿಗಿಂತ ಮೊದಲು ತಿರುಗಿದಳು, ಅಪ್ಪ ಹೆಸರು ಪೂರ್ತಿ ಹೇಳುವ ಮೊದಲೇ. ನಾನು ತಿರುಗಿದ್ದು ತಡವಾಯಿತು ಎಂದು ಪಕ್ಕದವರು ಭುಜ ಹಿಡಿದು ತಿರುಗಿಸಿದರು. ಹೊಲಿಗೆ ಅಕ್ಕ ಕೂತೇ ಇದ್ದಳು. ಕೇಳಿದ್ದಕ್ಕೆ "ಆ ಕಡೆ ಕಿವಿ ಕೇಳ್ಸಲ್ಲ, ಏನು ಓದಿದ್ರೋ ಗೊತ್ತಾಗ್ಲಿಲ್ಲ" ಅಂದುಬಿಟ್ಟಳು.

ಅಮ್ಮನನ್ನು ಈಗ ಬುದ್ಧಿ ಹೇಳುವ ಹೆಂಗಸರ ಗುಂಪಿಗೆ ಸೇರಿಸಿಕೊಂಡಿದ್ದಾರೆ. ಮಗಳಿಗಿಂತ ಸಭೆ ದೊಡ್ಡದು ಎಂದು ತೋರಿಸಿದಳಂತೆ. ಮನೆಮನೆಗೆ ಹೋಗುತ್ತಾಳೆ. ಎಲ್ಲರೂ ಎದ್ದು ಜಾಗ ಕೊಡುತ್ತಾರೆ.

ನನ್ನ ಮದುವೆಯಾಗಿ ನಾಲ್ಕು ತಿಂಗಳಾಯಿತು. ನನ್ನನ್ನು ಯಾರೂ ಕೇಳಲಿಲ್ಲ, ಆದರೆ ನಾನೂ ಬೇಡ ಅನ್ನಲಿಲ್ಲ. ಅವರು ಬೀದಿಯಲ್ಲಿ ತಲೆ ತಗ್ಗಿಸಿಯೇ ನಡೆಯುತ್ತಾರೆ. ಮನೆಯ ಬೀಗದ ಕೈ ಅವರ ಹತ್ತಿರವೇ ಇರುತ್ತದೆ. ಔಷಧಿ ಅಂಗಡಿಗೆ ಬರುವುದಕ್ಕೆ ಇವತ್ತು ಕೆಮ್ಮು ಬರಿಸಿಕೊಂಡೆ.

ಅಮ್ಮನ ಹತ್ತಿರ ಹೇಳಿದೆ. "ಮೊದಲ ವರ್ಷ ಹಾಗೇ ಇರತ್ತೆ. ಆಮೇಲೆ ಅಭ್ಯಾಸ ಆಗತ್ತೆ" ಅಂದಳು. "ಯಾರಿಗೆ, ಅವರಿಗಾ ನನಗಾ?" ಅಂತ ಕೇಳಿದೆ. ನನ್ನ ತೋಳು ನೋಡಿ ರವಿಕೆಯ ತೋಳನ್ನು ಕೆಳಗೆ ಎಳೆದು ಸರಿ ಮಾಡಿ, ಹೊರಟುಹೋದಳು.

ಗಾಬರಿಯಾಗಬೇಡ, ಏನೂ ಆಗಿಲ್ಲ. ಸುಮ್ಮನೆ ಕೇಳುತ್ತಿದ್ದೇನೆ: ನಿನ್ನ ಊರಿನ ಬಸ್ ನಿಲ್ದಾಣದಿಂದ ನಿನ್ನ ಕೋಣೆಗೆ ನಡೆದು ಬರಬಹುದಾ?

ಉತ್ತರವನ್ನು ಹೊಲಿಗೆ ಅಕ್ಕನ ಹೆಸರಿಗೆ ಹಾಕು. ಹಾಗೆ ಮಾಡು ಎಂದು ಅವಳಾಗಿಯೇ ಹೇಳಿದಳು.

ಪೀಪಿ

ಫೆಬ್ರವರಿ 15

ಪೀಪಿ,

ನಡೆದು ಬರಬಹುದು. ಇಪ್ಪತ್ತು ನಿಮಿಷ.

ಬೆಳಿಗ್ಗೆ ಏಳೂ ಹತ್ತಕ್ಕೆ ಅಲ್ಲಿಂದ ಒಂದು ಬಸ್ಸಿದೆ. ನಿಲ್ದಾಣದಲ್ಲಿ ಹತ್ತಬೇಡ, ಅಲ್ಲಿ ನಮ್ಮವರ ಅಂಗಡಿಗಳಿವೆ. ಆಚೆಯ ಪೆಟ್ರೋಲ್ ಬಂಕಿನ ಹತ್ತಿರ ಕೈ ತೋರಿಸಿದರೆ ನಿಲ್ಲಿಸುತ್ತಾರೆ. ತಲೆಬಟ್ಟೆಯನ್ನು ಬಸ್ಸು ಊರು ದಾಟಿದ ಮೇಲೆ ತೆಗೆ. ಬೇಡವೆನಿಸಿದರೆ ಇಟ್ಟುಕೋ, ಇಲ್ಲಿ ಯಾರೂ ಕೇಳುವುದಿಲ್ಲ.

ಮಧ್ಯಾಹ್ನ ಒಂದೂವರೆಗೆ ಇಲ್ಲಿಗೆ ಬರುತ್ತೀಯ. ಇಳಿದು ಎಡಕ್ಕೆ ಬಾ. ಸೇತುವೆ ದಾಟಿದ ಮೇಲೆ ಎರಡನೆಯ ತಿರುವು, ಮೂಲೆಯಲ್ಲಿ ಸೈಕಲ್ ಅಂಗಡಿ. ಆ ಬೀದಿಯಲ್ಲಿ ಒಂದೇ ಇಸ್ತ್ರಿ ಅಂಗಡಿ ಇದೆ. ಅಲ್ಲಿರುವ ಹೆಂಗಸಿಗೆ "ಮೇಲಿನವಳ ತಂಗಿ" ಎಂದು ಹೇಳು, ಕೀಲಿ ಕೊಡುತ್ತಾಳೆ. ನಾನು ಇವತ್ತೇ ಹೇಳಿಟ್ಟಿದ್ದೇನೆ. ಮಹಡಿ ಮೆಟ್ಟಿಲಿಗೆ ದೀಪವಿಲ್ಲ, ಗೋಡೆ ಹಿಡಿದುಕೊಂಡು ಹತ್ತು. ನಾನು ಐದೂವರೆಗೆ ಬರುತ್ತೇನೆ. ಅಷ್ಟರಲ್ಲಿ ಮಲಗಿರು.

ನಿನ್ನ ತೋಳಿನ ವಿಷಯ ನಾನು ಏನೂ ಕೇಳುವುದಿಲ್ಲ. ನಿನಗೆ ಹೇಳಬೇಕೆನಿಸಿದರೆ ಹೇಳು, ನಾನು ಬರೆದುಕೊಳ್ಳುವುದಿಲ್ಲ.

ಇದಕ್ಕೆ ಉತ್ತರ ಬರೆಯುತ್ತಾ ಕೂರಬೇಡ. ಬಟ್ಟೆ ತುಂಬಿಕೊಳ್ಳಬೇಡ, ಕೆಮ್ಮಿನ ಔಷಧಿಗೆ ಹೊರಟವಳ ಹಾಗೆ ಹೊರಡು.

ಅಮ್ಮನಿಗೆ ಮಾತ್ರ ಹೇಳಬೇಡ.

ಅಕ್ಕ